.22 ಕೋವಿಗೆ ಹೊಸ ಮರ ಹಾಕಿಸಿ ಮೂರು ಮಳೆಗಾಲ

ಇಶಾಪುರ ಕಾರ್ಖಾನೆಯ .22 ಬೋಲ್ಟ್ ಆ್ಯಕ್ಷನ್ ಕೋವಿ (ಪ್ರತಿ ಗುಂಡಿಗೂ ಬೋಲ್ಟಿನ ಹಿಡಿ ಎಳೆದು ತಳ್ಳುವಂಥದ್ದು), ಅಪ್ಪನ ಕಾಲದ್ದು. ಕಬ್ಬಿಣಕ್ಕೆ ಏನೂ ಆಗಿಲ್ಲ. ಜೀಪಿನಿಂದ ಬಿದ್ದು ಟ್ರಿಗರ್ ಹಿಂದೆ ಕೈ ಹಿಡಿಯುವ ಜಾಗದಲ್ಲಿ ಮರ ಸೀಳಿತ್ತು. ಅಂಟು ಹಾಕಿ ತಂತಿ ಸುತ್ತಿ ಎರಡು ವರ್ಷ ತಳ್ಳಿದೆ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ತೆಂಗಿನಕಾಯಿಗೆ ಗುರಿ ಇಟ್ಟಾಗ ತಂತಿ ಅಂಗೈಗೆ ಚುಚ್ಚಿತು. ಗುರಿಯೂ ತಪ್ಪಿತು, ಮರ್ಯಾದೆಯೂ ಹೋಯಿತು.

(ಹೊರಗಿನವರು ಮೊದಲು ಕೇಳುವುದು ಲೈಸೆನ್ಸ್. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೊಡಗಿನಲ್ಲಿ ಅದರಿಂದ ವಿನಾಯಿತಿ ಇದೆ, ಸದ್ಯಕ್ಕೆ 2029ರವರೆಗೆ.)

ಮರದ ಬದಲು ಫೈಬರ್ ಸ್ಟಾಕ್ (ಕಬ್ಬಿಣ ಕೂರುವ, ಭುಜಕ್ಕೆ ಒತ್ತುವ ಭಾಗ) ಹಾಕೋಣ ಅಂತ ಮೊದಲು ಆಸೆ ಇತ್ತು. ಮಳೆಗೆ ಹೆದರಬೇಕಿಲ್ಲ ಅಲ್ವಾ. ಆದರೆ ಅಮೆರಿಕದ ರೆಮಿಂಗ್ಟನ್ 700 ಕೋವಿಗೆ ಸಿಗುವ ಹಾಗೆ ನಮ್ಮ ಕೋವಿಗೆ ರೆಡಿಮೇಡ್ ಎಲ್ಲಿ ಸಿಗಬೇಕು? ಸ್ಕ್ರೂ ತೂತು, ಗುಂಡು ತುಂಬುವ ಮ್ಯಾಗಜಿನ್ ಜಾಗ, ಟ್ರಿಗರ್ ಜಾಗ, ಮೂರೂ ಕೂಡಿಬರಬೇಕು. ಅಟ್ಟದಲ್ಲಿ ಒಂದು ಬೀಟೆ ಹಲಗೆ ಇತ್ತು. ರಿಪೇರಿಯವರು ಅದನ್ನು ಎತ್ತಿ ನೋಡಿ, "ಸಾರ್, ಚೆಂದ ಇದೆ. ಆದ್ರೆ ಕೋವಿ ಹಿಡಿಯೋಕೆ ಇನ್ನೊಬ್ಬರನ್ನ ಕರೀಬೇಕು" ಅಂದರು. ಕೊನೆಗೆ ಆಕ್ರೋಟ್ ಮರಕ್ಕೆ ಒಪ್ಪಿದೆ. ಕೂಲಿ ಸೇರಿ ಹನ್ನೊಂದು ಸಾವಿರ. ಆ ವರ್ಷ ಮೆಣಸು ಚೆನ್ನಾಗಿ ಬಂದಿತ್ತು, ಕೊಟ್ಟೆ.

ಅಳತೆ ತೆಗೆದದ್ದು ಹಳೇ ಪದ್ಧತಿಯಲ್ಲಿ. ಮೊಣಕೈ ಮಡಚಿ, ಅದರ ಒಳಗೆ ಸ್ಟಾಕ್‌ನ ತುದಿ ಒತ್ತಿದರೆ ತೋರುಬೆರಳು ಆರಾಮಾಗಿ ಟ್ರಿಗರ್‌ಗೆ ಸಿಗಬೇಕು. ನನಗೂ ಮಗಳಿಗೂ ಒಂದೇ ಕೋವಿ, ಅವಳ ಕೈ ಚಿಕ್ಕದು. ಹಾಗಾಗಿ ಮರವನ್ನು ಅವಳ ಅಳತೆಗೆ ಕೊಯ್ಸಿ, ನನಗೆ ಅಂತ ಹಿಂದೆ ಎರಡು ಮರದ ಬಿಲ್ಲೆ ಸೇರಿಸುವ ಹಾಗೆ ಮಾಡಿಸಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಇದು.

ಬೇಸಿಗೆ ಪೂರ್ತಿ ಖುಷಿಯಾಗಿದ್ದೆ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಜುಲೈ ಬಂತು. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ, ಬೀರುವಿನಲ್ಲಿರುವ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಆಗಸ್ಟ್ ಕೊನೆಗೆ ಅಭ್ಯಾಸಕ್ಕೆ ತೆಗೆದರೆ 25 ಮೀಟರ್‌ನಲ್ಲಿ ಗುಂಡು ಒಂದೂವರೆ ಇಂಚು ಎಡಕ್ಕೆ! ಸೈಟ್ (ಗುರಿ ನೋಡುವ ಕಣ್ಣು) ಸರಿಮಾಡಿದೆ. ಮರುವಾರ ಇನ್ನೂ ಎಡಕ್ಕೆ.

ಕೋವಿ ಖಾಲಿ ಇದೆಯಾ ಅಂತ ನೋಡಿ, ಬೋಲ್ಟ್ ತೆಗೆದಿಟ್ಟು, ನಳಿಗೆಗೂ ಮರಕ್ಕೂ ನಡುವೆ ಹತ್ತು ರೂಪಾಯಿ ನೋಟು ತೂರಿಸಿದೆ. ಎರಡು ಇಂಚು ಹೋಗಿ ನಿಂತಿತು. ಮರ ಉಬ್ಬಿ ಬಲಗಡೆಯಿಂದ ನಳಿಗೆಯನ್ನು ತಳ್ಳುತ್ತಿತ್ತು. ಸ್ಟಾಕ್‌ನ ಹಿಂದಿನ ತುದಿ ಮುಚ್ಚುವ ಬಟ್ ಪ್ಲೇಟ್ ಬಿಚ್ಚಿದಾಗ ಹೊಟ್ಟೆ ಉರಿಯಿತು. ಹೊರಗೆಲ್ಲ ಕನ್ನಡಿ ಥರ ಪಾಲಿಶ್. ಕಣ್ಣಿಗೆ ಕಾಣದ ಕಡೆ, ಅಂದರೆ ಕೊಯ್ದ ತುದಿಗೂ ನಳಿಗೆ ಕೂರುವ ಕಾಲುವೆಗೂ, ಒಂದು ಹನಿ ಎಣ್ಣೆ ಇಲ್ಲ. ಮರ ನೀರು ಕುಡಿಯುವುದೇ ಅಲ್ಲಿಂದ. ರಿಪೇರಿಯವರಿಗೆ ಫೋನ್ ಮಾಡಿದರೆ "ಮಳೆ ಅಲ್ವಾ ಸಾರ್" ಅಂದರು. ಕೊಡಗಿನಲ್ಲಿ ಕೂತು ಹೇಳುವ ಮಾತಾ ಇದು?

ಮಳೆ ನಿಂತು ಮರ ಒಣಗಿದ ಮೇಲೆ ನಾನೇ ಕೂತೆ. ಮರಳು ಕಾಗದವನ್ನು ದುಂಡು ಕೋಲಿಗೆ ಸುತ್ತಿ ಕಾಲುವೆ ಉಜ್ಜಿದೆ. ಆ್ಯಕ್ಷನ್ (ಬೋಲ್ಟ್ ಓಡಾಡುವ ಕಬ್ಬಿಣದ ಭಾಗ) ಕೂರುವ ಜಾಗಕ್ಕೆ ಎಪಾಕ್ಸಿ ಅಂಟು ತುಂಬಿದೆ. ಕಬ್ಬಿಣಕ್ಕೆ ಅಂಟದಿರಲಿ ಅಂತ ಅದಕ್ಕೆ ಬೂಟ್ ಪಾಲಿಶ್ ಬಳಿದಿದ್ದೆ. ಆ ರಾತ್ರಿ ಮಾತ್ರ ನಿದ್ದೆ ಇಲ್ಲ, ಬೆಳಿಗ್ಗೆ ಬಿಟ್ಟುಕೊಳ್ಳದಿದ್ದರೆ ಅಪ್ಪನ ಕೋವಿ ಕಥೆ ಮುಗಿದ ಹಾಗೆ. ರಬ್ಬರ್ ಸುತ್ತಿಗೆಯಲ್ಲಿ ಒಂದು ತಟ್ಟು ತಟ್ಟಿದೆ, ಟಕ್ ಅಂತ ಬಂತು.

ಆಮೇಲೆ ಅಗಸೆ ಎಣ್ಣೆ. ಭಾನುವಾರ ಸಂಜೆ ಕಾಫಿ ಆದ ಮೇಲೆ ನಾಲ್ಕೇ ಹನಿ, ಹೆಬ್ಬೆರಳ ಬುಡದಲ್ಲಿ ಬಿಸಿಯಾಗುವಷ್ಟು ಉಜ್ಜುವುದು. ಹತ್ತು ನಿಮಿಷ ಬಿಟ್ಟು ಹಳೇ ಬನಿಯನ್‌ನಲ್ಲಿ ಒರೆಸುವುದು, ಇಲ್ಲದಿದ್ದರೆ ಅಂಟಂಟಾಗುತ್ತದೆ. ಹೀಗೆ ಉಜ್ಜುತ್ತಾ ಹೋದ ಮೇಲೆ ಮರದೊಳಗಿನ ಕಪ್ಪು ಗೆರೆಗಳು ಎದ್ದು ಬಂದವು. ಅಂಗಡಿಯ ಪಾಲಿಶ್‌ನಲ್ಲಿ ಅವು ಇದ್ದದ್ದೇ ಗೊತ್ತಾಗಿರಲಿಲ್ಲ. ಈಗ ಕೈಲ್‌ಪೊಳ್ದ್ ದಿನ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಇಟ್ಟಾಗ ನನ್ನ ಕಣ್ಣು ಹೂವಿಗಿಂತ ಮೊದಲು ಮರದ ಕಡೆ ಹೋಗುತ್ತದೆ. ಮಗಳು ನಗುತ್ತಾಳೆ.

ಈ ವರ್ಷದ ಆಗಸ್ಟ್‌ನಲ್ಲಿ ನೋಟು ಆ್ಯಕ್ಷನ್‌ವರೆಗೂ ಸಲೀಸಾಗಿ ಹೋಯಿತು. ಗುಂಡು ಇನ್ನೂ ಒಂದು ಬೆರಳಿನಷ್ಟು ಜರುಗುತ್ತದೆ, ಅದಕ್ಕೆ ಸೈಟ್ ಇದೆ. ಮರಕ್ಕೆ ಐದರಲ್ಲಿ ನಾಲ್ಕು, ಕೂಲಿಗೆ ಎರಡು. ನೀವು ಮಾಡಿಸುವುದಾದರೆ ಬಟ್ ಪ್ಲೇಟ್ ಬಿಚ್ಚಿಸಿ ಒಳಗೆ ನೋಡಿ, ಆಮೇಲೆ ದುಡ್ಡು ಕೊಡಿ.