ಹೊಸ್ತಿಲಲ್ಲೇ ನಿಲ್ಲಿಸುವ ಮಣ್ಣಿನ ಬಯಲು

ಪ್ರದರ್ಶನದ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಕಾಲಿಡಲು ಜಾಗವೇ ಇರಲಿಲ್ಲ. ಹೊಸ್ತಿಲಿನಿಂದ ಆಚೆ ಗೋಡೆಯವರೆಗೆ, ನೆಲ ಒಂದಿಷ್ಟೂ ಕಾಣದಂತೆ, ಸುಟ್ಟ ಮಣ್ಣಿನ ಗೊಂಬೆಗಳು ಒತ್ತೊತ್ತಾಗಿ ನಿಂತಿದ್ದವು. ಎಲ್ಲವೂ ಮುಖವೆತ್ತಿ ಬಾಗಿಲ ಕಡೆಗೇ ನೋಡುತ್ತಿದ್ದವು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದೆ. ಬಹಳ ಹೊತ್ತಿನಿಂದ ನನಗಾಗಿಯೇ ಕಾದಿದ್ದವರ ಎದುರು ನಿಂತಂತಾಯಿತು.

ಇದು ಬ್ರಿಟಿಷ್ ಶಿಲ್ಪಿ ಆಂಟನಿ ಗಾರ್ಮ್ಲಿ ಅವರ ‘ಫೀಲ್ಡ್ ಫಾರ್ ದ ಬ್ರಿಟಿಷ್ ಐಲ್ಸ್’, ಅಂದರೆ ಬ್ರಿಟಿಷ್ ದ್ವೀಪಗಳಿಗಾಗಿ ಒಂದು ಬಯಲು. ಇಟ್ಟಿಗೆ ಮಣ್ಣಿನ ಸುಮಾರು 40,000 ಗೊಂಬೆಗಳು. 1993ರಲ್ಲಿ, ಗಾಜಿನ ಕಾರ್ಖಾನೆಗಳಿಗೆ ಹೆಸರಾದ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ, ಏಳು ವರ್ಷದ ಮಕ್ಕಳಿಂದ ಎಪ್ಪತ್ತರ ಹಿರಿಯರವರೆಗೆ ಸುಮಾರು ನೂರು ಜನ ಸೇರಿ ಇವನ್ನು ಕೈಯಲ್ಲೇ ಮಾಡಿದರು. ಗಾರ್ಮ್ಲಿ ಹಾಕಿಕೊಟ್ಟ ನಿಯಮಗಳು ಬಹಳ ಸರಳ: ಗೊಂಬೆ ಕೈಯಲ್ಲಿ ಹಿಡಿಸುವಷ್ಟಿರಬೇಕು, ತಾನಾಗಿ ನಿಲ್ಲಬೇಕು, ಅದಕ್ಕೆ ಎರಡು ಕಣ್ಣಿರಬೇಕು. ಕೈಕಾಲು, ಮೂಗು, ಬಾಯಿ ಏನೂ ಇಲ್ಲ. ಇದಕ್ಕೂ ಮೊದಲು ಮೆಕ್ಸಿಕೋದ ಇಟ್ಟಿಗೆ ಮಾಡುವ ಕುಟುಂಬವೊಂದರ ಜೊತೆ, ಆಮೇಲೆ 2003ರಲ್ಲಿ ಚೀನಾದ ಹಳ್ಳಿಯವರ ಜೊತೆ ಅವರು ಇಂಥದ್ದೇ ಬಯಲುಗಳನ್ನು ಮಾಡಿದ್ದಾರೆ. 1994ರಲ್ಲಿ ಅವರಿಗೆ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿ ಬಂತು.

ಮೊಣಕಾಲೂರಿ ಮೊದಲ ಸಾಲನ್ನು ನೋಡಿದೆ. ಗೇಣುದ್ದದ ಒಂದು ಗೊಂಬೆಯ ಕತ್ತು ಎಡಕ್ಕೆ ವಾಲಿತ್ತು. ಹೊಟ್ಟೆಯ ಹತ್ತಿರ ಯಾರದೋ ಹೆಬ್ಬೆರಳು ಒತ್ತಿದ ಗುಂಡಿ. ಆ ಗುಂಡಿಯೊಳಗೆ ಬೆರಳಿನ ಗೆರೆಗಳು ಹಾಗೆಯೇ ಬೆಂದು ಉಳಿದಿದ್ದವು. ಅದು ಮಗುವಿನ ಬೆರಳೇ ಇರಬೇಕು, ಅಷ್ಟು ಚಿಕ್ಕದು. ಪಕ್ಕದ್ದಕ್ಕೆ ಕಣ್ಣು ಎಷ್ಟು ಆಳಕ್ಕೆ ಚುಚ್ಚಿದ್ದರೆಂದರೆ ತಲೆಯ ಹಿಂಬದಿ ಉಬ್ಬಿತ್ತು. ಎದ್ದು ನಿಂತಾಗ ಇವೆಲ್ಲ ಮಾಯವಾದವು. ಕುಳಿತರೆ ಜನ, ನಿಂತರೆ ಬಯಲು. ನಸುಗೆಂಪು, ಇಟ್ಟಿಗೆಗೆಂಪು, ಅಲ್ಲಲ್ಲಿ ಕಪ್ಪಿಗೆ ತಿರುಗಿದ ಕಂದು. ಕೊಯ್ಲು ಮುಗಿದ ಗದ್ದೆಯ ಮೇಲೆ ಮೋಡದ ನೆರಳು ಹಾಯುವಂತೆ ಬಣ್ಣ ಹರಡಿತ್ತು.

ಈ ಬಣ್ಣಗಳನ್ನು ನಾನು ಬಲ್ಲೆ. ನನ್ನ ಅಪ್ಪ ಮಂಗಳೂರಿನಲ್ಲಿ, ನೇತ್ರಾವತಿ ದಡದ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಷನ್‌ನವರು ಆರಂಭಿಸಿದ ಉದ್ಯಮ ಅದು. ಆ ಹೊಳೆಯ ಮಣ್ಣೇ ಊರೂರ ಮನೆಗಳಿಗೆ ಸೂರಾಯಿತು. ಹಂಚಿನ ಬಣ್ಣ ನೋಡಿ ಅದು ಗೂಡಿನಲ್ಲಿ ಬೆಂಕಿಗೆ ಎಷ್ಟು ಹತ್ತಿರವಿತ್ತೆಂದು ಅಪ್ಪ ಹೇಳುತ್ತಿದ್ದರು. ಬೆರಳಿನಲ್ಲಿ ತಟ್ಟಿ ‘ಟಣ್’ ಎಂದರೆ ಸರಿ, ಸದ್ದು ಮಂಕಾದರೆ ಬದಿಗೆ. ಪ್ರತಿ ಹಂಚಿನ ಬೆನ್ನಿಗೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತಿತ್ತು. ಅದನ್ನು ಒಣಗಿಸಿದವರ, ಸುಟ್ಟವರ ಹೆಸರು ಎಲ್ಲೂ ಇರುತ್ತಿರಲಿಲ್ಲ.

ಹಾಗಾಗಿಯೇ ಈ ಪ್ರದರ್ಶನದಲ್ಲಿ ಒಂದು ವಿಷಯ ನನ್ನನ್ನು ನೋಯಿಸಿತು. ಗೋಡೆಯ ಫಲಕದಲ್ಲಿ ಕಲಾವಿದರ ಹೆಸರು ದೊಡ್ಡದಾಗಿ ಇತ್ತು. ಗೊಂಬೆ ಮಾಡಿದ ನೂರು ಜನರ ಹೆಸರುಗಳನ್ನು ಹುಡುಕಿದೆ, ಕಾಣಲಿಲ್ಲ. ಒಂದು ಹಾಳೆಯಲ್ಲಿ ಬರೆದು ಬಾಗಿಲ ಪಕ್ಕ ಅಂಟಿಸಿದ್ದರೂ ಸಾಕಿತ್ತು. ಅಲ್ಲಿದ್ದ ಸಿಬ್ಬಂದಿಗೆ ಇದನ್ನೇ ಹೇಳಿದೆ. ಅವರು ಬರೆದುಕೊಂಡರು.

ಹೋಗುವವರಿಗೆ ಒಂದು ಮಾತು: ಬಾಗಿಲಲ್ಲಿ ಒಮ್ಮೆಗೆ ಮೂವರು ನಿಂತರೆ ಹೆಚ್ಚು. ವಾರಾಂತ್ಯದಲ್ಲಿ ಹಿಂದಿನವರ ಅವಸರಕ್ಕೆ ಮಣಿದು ಬೇಗ ಸರಿಯಬೇಕಾಗುತ್ತದೆ. ವಾರದ ನಡುವೆ, ಬೆಳಿಗ್ಗೆ ತೆರೆದ ಕೂಡಲೇ ಹೋಗಿ. ಮಕ್ಕಳಿದ್ದರೆ ಖಂಡಿತ ಕರೆದೊಯ್ಯಿರಿ. ಬಾಗದೆಯೇ ಮೊದಲ ಸಾಲಿನ ಕಣ್ಣುಗಳನ್ನು ನೋಡುವ ಭಾಗ್ಯ ಅವರಿಗಿದೆ.

ಸಂಜೆ ಅಪ್ಪನಿಗೆ ಫೋಟೋ ಕಳುಹಿಸಿ ಕರೆ ಮಾಡಿದೆ. ತುಂಬಾ ಹೊತ್ತು ನೋಡಿದ ಮೇಲೆ ಕೇಳಿದರು: “ಒಳಗೆ ಪೊಳ್ಳು ಮಾಡಿಲ್ಲ, ಗಟ್ಟಿ ಮಣ್ಣು. ಚೆನ್ನಾಗಿ ಒಣಗದಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ. ಎಷ್ಟು ಒಡೆದವಂತೆ ಮಗಳೇ?”

ನನಗೆ ಹೊಳೆದೇ ಇರಲಿಲ್ಲ. ಮಂಗಳವಾರ ರಜೆಯಿದೆ, ಕೇಳಿಕೊಂಡು ಬರುತ್ತೇನೆ ಎಂದೆ.