ಹಕ್ಕಿಯನ್ನು ಕಾಯುವುದನ್ನು ಕಲಿಸುವ ಹೋಂಸ್ಟೇ: ಶಿರಸಿ ಸೀಮೆಯ ಒಂದು ಅನುಭವ

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವಾಗ ಅಡಿಕೆ ತೋಟದ ಅಂಚಿಗೆ, ಹಳ್ಳದ ಪಕ್ಕದಲ್ಲೇ ಇರುವ ಈ ಹೋಂಸ್ಟೇಗೆ ಮಲಬಾರ್ ವಿಸ್ಲಿಂಗ್ ಥ್ರಷ್ ಹಕ್ಕಿಯ ಹಾಡು ಕೇಳಲೆಂದೇ ಬರುವವರಿದ್ದಾರೆ. ಮಳೆಗಾಲದ ಆರಂಭದಲ್ಲಿ ನಾನು ಹೋದದ್ದೂ ಅದಕ್ಕಾಗಿಯೇ. ಪಶ್ಚಿಮಘಟ್ಟದಲ್ಲೂ ದಕ್ಷಿಣ ಭಾರತದ ಇತರ ಕೆಲವು ಬೆಟ್ಟಸಾಲುಗಳಲ್ಲೂ ವಾಸಿಸುವ, ಸುಮಾರು 25 ಸೆಂ.ಮೀ. ಉದ್ದದ ಈ ಹಕ್ಕಿ ನೆರಳಿನಲ್ಲಿ ಬರೀ ಕಪ್ಪಾಗಿ ಕಾಣುತ್ತದೆ. ಹಣೆ ಮತ್ತು ಹೆಗಲಿನ ಹೊಳೆಯುವ ನೀಲಿಯನ್ನು ನೋಡಬೇಕಾದರೆ ಬೆಳಕು ಬೀಳುವವರೆಗೆ ತಾಳ್ಮೆ ಬೇಕು.

ಇಲ್ಲಿನ ಮಾರ್ಗದರ್ಶಕರ ಶಿಸ್ತನ್ನು ನಾನು ಎಲ್ಲಕ್ಕಿಂತ ಮೆಚ್ಚಿಕೊಂಡೆ. ಹಕ್ಕಿಯ ಧ್ವನಿಮುದ್ರಿತ ಹಾಡನ್ನು ಮೊಬೈಲಿನಲ್ಲಿ ನುಡಿಸಿ ಹಕ್ಕಿಯನ್ನು ಹತ್ತಿರ ಕರೆಸುವ ರೂಢಿಯನ್ನು ಅವರು ಪೂರ್ತಿ ಬಿಟ್ಟಿದ್ದಾರೆ. ಆ ಧ್ವನಿಯನ್ನು ಕೇಳಿದ ಹಕ್ಕಿ, ತನ್ನ ಎಲ್ಲೆಯೊಳಗೆ ಬೇರೊಂದು ಹಕ್ಕಿ ನುಗ್ಗಿದೆಯೆಂದು ನಂಬಿ ಧಾವಿಸಿ ಬರುತ್ತದೆ. ಮುಖ್ಯವಾಗಿ ಮಳೆಗಾಲದಲ್ಲೇ ಗೂಡು ಕಟ್ಟಿ ಮರಿ ಮಾಡುವ ಈ ಜಾತಿಗೆ ಅಂಥ ಪ್ರತಿಯೊಂದು ಮೋಸವೂ ಮರಿಗಳಿಗೆ ಮೇವು ತರುವ ಹೊತ್ತನ್ನು ಕಸಿಯುತ್ತದೆ. ಕೆಲವು ಫೋಟೋಗಳಿಗಾಗಿ ಇಷ್ಟು ದೊಡ್ಡ ಬೆಲೆ ತೆರಿಸುವ ಹಕ್ಕು ನಮಗಿಲ್ಲವೆಂದೇ ನನ್ನ ಅಭಿಪ್ರಾಯ.

ಬೆಳಕು ಹರಿಯುವ ಮೊದಲೇ ಅವರು ನಮ್ಮನ್ನು ಹಳ್ಳದ ಬಂಡೆಗಳಿಂದ ತುಸು ದೂರದಲ್ಲಿ ಕೂರಿಸಿದರು. ಕತ್ತಲಿರುವಾಗಲೇ ಶುರುವಾದ ಹಾಡು ಯಾವ ರಾಗಕ್ಕೂ ಕಟ್ಟುಬೀಳದೆ, ನಡುನಡುವೆ ನಿಂತು, ಮತ್ತೆ ಇನ್ನೆಲ್ಲಿಂದಲೋ ಎತ್ತಿಕೊಂಡು ಬಹಳ ಹೊತ್ತು ಸಾಗಿತು. ಸಿಳ್ಳೆ ಹಾಕುವ ಶಾಲಾ ಹುಡುಗನೆಂಬ ಅಡ್ಡಹೆಸರು ಈ ಹಕ್ಕಿಗೆ ಹೇಗೆ ಬಂತೆಂಬುದು ಆಗ ಸ್ಪಷ್ಟವಾಯಿತು. ಬೆಳಕಾದ ಮೇಲೆ ಅದು ಏಡಿಯೊಂದನ್ನು ಬಂಡೆಗೆ ಬಡಿದು ತಿನ್ನುವುದನ್ನೂ ಕಂಡೆವು. ಏಡಿ, ಬಸವನಹುಳು, ಕಪ್ಪೆ, ಕೀಟಗಳಿಗಾಗಿ ಅದು ಹರಿಯುವ ನೀರನ್ನು ಎಷ್ಟು ನೆಚ್ಚಿಕೊಂಡಿದೆಯೆಂಬುದನ್ನು, ಬಂಡೆಯ ಸಂದಿನಲ್ಲಿ ಅದು ಗೂಡು ಕಟ್ಟುವ ಬಗೆಯನ್ನು ಮಾರ್ಗದರ್ಶಕರು ಪಿಸುದನಿಯಲ್ಲಿ ವಿವರಿಸಿದರು. ಗೂಡಿನ ಜಾಗವನ್ನು ಮಾತ್ರ, ಎಷ್ಟು ಕೇಳಿದರೂ, ತೋರಿಸಲಿಲ್ಲ.

ಕೋಣೆಗಳು ಸರಳವಾಗಿಯೂ ಶುಚಿಯಾಗಿಯೂ ಇವೆ. ತಿಂಡಿಗೆ ಕೊಟ್ಟ ತೆಳ್ಳೇವು (ತೆಳುವಾದ ದೋಸೆ) ಮತ್ತು ಜೋನಿಬೆಲ್ಲ (ದ್ರವರೂಪದ ಬೆಲ್ಲ) ಬಹಳ ರುಚಿಯಾಗಿದ್ದವು.

ಕೊರತೆಯೊಂದನ್ನು ಹೇಳಲೇಬೇಕು. ಧ್ವನಿಮುದ್ರಿಕೆ ಬಳಸುವುದಿಲ್ಲವೆಂಬ ನಿಯಮವನ್ನು ಕೋಣೆ ಕಾಯ್ದಿರಿಸುವಾಗ ಯಾರಿಗೂ ತಿಳಿಸುವುದಿಲ್ಲ. ನಮ್ಮ ಜೊತೆಗಿದ್ದ ಛಾಯಾಗ್ರಾಹಕರೊಬ್ಬರು ಸ್ಪೀಕರ್ ತಂದಿದ್ದರಿಂದ ವಾಗ್ವಾದ ನಡೆದು, ಮರುದಿನ ಬೆಳಗಿನ ಒಳ್ಳೆಯ ಹೊತ್ತು ಹಾಳಾಯಿತು. ಮುಂಗಡ ಪಡೆಯುವ ಮೊದಲೇ ನಿಯಮವನ್ನು ಬರೆದು ಕಳುಹಿಸಬೇಕೆಂದು ಯಜಮಾನರಲ್ಲಿ ಕೇಳಿಕೊಂಡಿದ್ದೇನೆ. ಮಳೆಗಾಲದಲ್ಲಿ ಹೋಗುವವರು ಉಂಬಳಗಳಿಗೆ (ಜಿಗಣೆಗಳಿಗೆ) ಸಿದ್ಧರಾಗಿ, ಮಾಸಲು ಬಣ್ಣದ ಬಟ್ಟೆ ತೊಟ್ಟು ಹೋಗುವುದು ಒಳ್ಳೆಯದು.