ತೊಟ್ಟಿಮನೆಗೆ ಮೂರು ಥರದ ಸ್ಕ್ಯಾನ್

ಅಜ್ಜನ ಕಾಲದ ತೊಟ್ಟಿಮನೆ ಮಾರುವುದು ಖಾತ್ರಿಯಾದ ಮೇಲೆ, ಅದರ ತ್ರೀಡಿ ಮಾದರಿಯನ್ನಾದರೂ ಮಾಡಿಟ್ಟುಕೊಳ್ಳೋಣ ಅಂತ ಹೊರಟೆ. ಮೂರು ದಾರಿ ನೋಡಿದೆ.

ಮೊದಲನೆಯದು ಐಫೋನಿನ ಲೈಡಾರ್, ಅಂದರೆ ಬೆಳಕು ಬಿಟ್ಟು ಅದು ವಾಪಸ್ ಬರುವ ಹೊತ್ತಿನಿಂದ ದೂರ ಅಳೆಯುವ ಸೆನ್ಸರ್. 2020ರಲ್ಲಿ 12 ಪ್ರೊ ಜೊತೆ ಬಂದದ್ದು. ಫೋನ್ ಹಿಡಿದು ಸುಮ್ನೆ ನಡೆದರಾಯ್ತು, ಕಾಲು ಗಂಟೆಯಲ್ಲಿ ಮನೆ ಮುಗಿಯಿತು. ಪಡಸಾಲೆಯ ಉದ್ದವನ್ನು ಟೇಪ್ ಹಿಡಿದು ನೋಡಿದೆ, 3 ಸೆಂಟಿಮೀಟರ್ ಅಷ್ಟೇ ವ್ಯತ್ಯಾಸ. ಆದರೆ 5 ಮೀಟರ್ ಆಚೆಗೆ ಅದಕ್ಕೆ ಕಣ್ಣಿಲ್ಲ. ಕಂಬದ ಕೆತ್ತನೆಯಂತೂ ಬಿಸಿಲಿಗಿಟ್ಟ ಬೆಣ್ಣೆ.

ಎರಡನೆಯದು ಫೋಟೊಗ್ರಾಮೆಟ್ರಿ. ಬೇರೆ ಬೇರೆ ಕೋನದ ಫೋಟೊಗಳಲ್ಲಿ ಒಂದೇ ಚುಕ್ಕಿಯನ್ನು ಹುಡುಕಿ, ಅದು ಎಲ್ಲಿದೆ ಅಂತ ಲೆಕ್ಕ ಹಾಕುವ ವಿಧಾನ. ಪ್ರತಿ ಫೋಟೊದಲ್ಲೂ ಹಿಂದಿನದರ ಮುಕ್ಕಾಲು ಭಾಗ ಇರುವ ಹಾಗೆ 640 ಫೋಟೊ ತೆಗೆದೆ. ಮೊದಲ ದಿನದ್ದು ದಂಡ. ತೊಟ್ಟಿಗೆ ಬಿದ್ದ ಬಿಸಿಲು ಸರಿಯುತ್ತಾ ಹೋಗಿ ನೆರಳೆಲ್ಲ ಕಲಸಿಹೋಗಿತ್ತು. ಮೋಡದ ದಿನ ಮತ್ತೆ ತೆಗೆದೆ. ಮೆಶ್‌ರೂಮ್ ಅನ್ನುವ ಫೋಟೊಗ್ರಾಮೆಟ್ರಿ ಸಾಫ್ಟ್‌ವೇರು ಉಚಿತ, ಆದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. ರಾತ್ರಿ ಓಡಲು ಬಿಟ್ಟು ಮಲಗಿದೆ.

ಬೆಳಗ್ಗೆ ಕಂಬ ನೋಡಿ ದಂಗಾದೆ. ಉಳಿಯ ಗೆರೆ ಇತ್ತು. ಎಲೆಅಡಿಕೆ ಹಾಕಿಕೊಂಡು ಅಜ್ಜ ಬೆರಳು ಒರೆಸುತ್ತಿದ್ದ ಸುಣ್ಣದ ಕಲೆಯೂ ಇತ್ತು! ಆದರೆ ಸುಣ್ಣ ಬಳಿದ ಗೋಡೆಯಲ್ಲಿ ಹಿಡಿಯಲು ಗುರುತೇ ಇಲ್ಲವಲ್ಲ, ಅಲ್ಲೆಲ್ಲ ತೂತು. ರೆಡ್ ಆಕ್ಸೈಡ್ ನೆಲದ ಕಥೆ ಇನ್ನೂ ತಮಾಷೆ. ಅದರಲ್ಲಿ ಕಂಡ ಕಂಬದ ಪ್ರತಿಬಿಂಬವನ್ನು ನಿಜ ಅಂದುಕೊಂಡು ಸಾಫ್ಟ್‌ವೇರು ನೆಲಕ್ಕೇ ಹಳ್ಳ ತೋಡಿತ್ತು. ಅಳತೆಯೂ ತಾನಾಗಿ ಬರುವುದಿಲ್ಲ. ಗೊತ್ತಿರುವ ಉದ್ದದ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು ಫೋಟೊ ತೆಗೆಯಬೇಕು.

ಮೂರನೆಯದು 2023ರಲ್ಲಿ ಬಂದ ಗಾಸಿಯನ್ ಸ್ಪ್ಲಾಟಿಂಗ್. ಅವೇ ಫೋಟೊ ಕೊಟ್ಟೆ. ಇದು ಮೇಲ್ಮೈ ಕಟ್ಟುವುದಿಲ್ಲ, ಲಕ್ಷಗಟ್ಟಲೆ ಬಣ್ಣದ ಮಸುಕು ಚುಕ್ಕಿಗಳನ್ನು ಗಾಳಿಯಲ್ಲಿ ತೇಲಿಬಿಡುತ್ತದೆ. ನೋಡುವ ಕೋನ ಬದಲಾದರೆ ಚುಕ್ಕಿಯ ಬಣ್ಣವೂ ಬದಲಾಗುತ್ತದೆ. ಅದಕ್ಕೇ ನೆಲದ ಹೊಳಪು ಹಾಗೇ ಬಂತು. ಅತ್ತೆಗೆ ತೋರಿಸಿದರೆ, "ನೆಲ ಒರೆಸಿದ್ಯಾರೋ?" ಅಂದರು. ನಾನು ಓಡಾಡಿದ ಜಾಗ ಬಿಟ್ಟು ಅತ್ತಿತ್ತ ಹೋದರೆ ಮಾತ್ರ ಬರೀ ಜೇಡರಬಲೆ. ಬಡಗಿಗೆ ಅಳತೆ ಕೊಡಲಿಕ್ಕೂ ಇದು ಆಗದು.

ಬಡಗಿಗೆ ಫೋಟೊಗ್ರಾಮೆಟ್ರಿಯ ಕಂಬ ಕಳಿಸಿದೆ, ಮನೆಯವರ ವಾಟ್ಸಾಪಿಗೆ ಸ್ಪ್ಲಾಟ್. ಲೈಡಾರ್ ಫೈಲನ್ನು ಮತ್ತೆ ತೆರೆದಿಲ್ಲ. ಸಮಯ ಕಮ್ಮಿ ಇದ್ದರೆ ಬರೀ ಫೋಟೊ ತೆಗೆದಿಡಿ, ಬೇಕಾದ್ದಕ್ಕಿಂತ ಜಾಸ್ತಿಯೇ ಇರಲಿ. ಕೊನೆಯ ಎರಡಕ್ಕೂ ಅವೇ ಸಾಕು. ನಾನು ಅಡುಗೆಮನೆಯ ಅಟ್ಟ ಹತ್ತಲು ಮರೆತೆ. ಈಗ ಅಲ್ಲಿಗೆ ಬೇರೆಯವರ ಬೀಗ ಬಿದ್ದಿದೆ.